ಮಾಳಿಗೆ ಮನೆ ಅಳೆಯಲು ಬಾ, ಮಗಳೇ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಣ್ಣಿನ ಮಾಳಿಗೆಯ ನಮ್ಮ ಈ ಹಳೇ ಮನೆ ಕೆಡವುವ ಮಾತನ್ನು ನಿನ್ನ ಕಾಕಾ ಎತ್ತಿದ ದಿನ ನೀನು ಫೋನಿನಲ್ಲಿ, "ಅಪ್ಪಾ, ನಿಮ್ಮ ಮನಸ್ಸಿನ್ಯಾಗ ಏನದ, ಅದನ್ನ ಹೇಳ್ರಿ" ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಟ್ಟಡದ ನಕ್ಷೆ ಬರೆಯುವುದೇ ನಿನ್ನ ಕೆಲಸ. ನಾನು ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವ. ಆದರೂ ಈ ಕಲಬುರಗಿಯ ಗೋಡೆಗಳನ್ನು ದಿನಾ ನೋಡುತ್ತೇನೆ.

ಕೆಲಸಕ್ಕೆ ಈಗಲೂ ಸೈಕಲ್ಲೇ. ಬ್ರಹ್ಮಪುರದಿಂದ ಸೂಪರ್ ಮಾರ್ಕೆಟ್, ಚೌಕ್, ನೆಹರು ಗಂಜ್ ದಾಟಿ, ಹುಮನಾಬಾದ್ ರಸ್ತೆ ಹಿಡಿದು ಕಪನೂರಿಗೆ. ಮೋಟರ್ ಸೈಕಲ್ ಮೇಲೆ ಹೋಗುವವರಿಗೆ ಅಂಗಡಿಯ ಬೋರ್ಡು ಕಾಣುತ್ತದೆ, ಗೋಡೆ ಕಾಣುವುದಿಲ್ಲ. ನಾನು ರಸ್ತೆಯ ಅಂಚಿಗೇ ಹೋಗುವವನಾದ್ದರಿಂದ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಯಾವ ಓಣಿಯಲ್ಲಿ ತಂಪು, ಎಲ್ಲಿ ಝಳ ಅನ್ನುವುದು ಮೈಗೇ ಗೊತ್ತಾಗುತ್ತದೆ. ಹಳೇ ಕಲ್ಲಿನ ಗೋಡೆಗಳ ನಡುವಿನ ಓಣಿಗೆ ಹೊಕ್ಕರೆ ಏಪ್ರಿಲ್‌ನಲ್ಲೂ ಬೆಳಗಿನ ತಂಪು ಇನ್ನೂ ನಿಂತಿರುತ್ತದೆ. ದೊಡ್ಡ ರಸ್ತೆಗೆ ಬಂದರೆ ಪಡುವಣಕ್ಕೆ ಮುಖ ಮಾಡಿದ ಗಾಜಿನ ಕಟ್ಟಡಗಳು. ಸಂಜೆ ಹೊತ್ತು ಅವುಗಳ ಮುಂದೆ ಹಾಯುವಾಗ ಬಿಸಿಲು ಎರಡೂ ಕಡೆಯಿಂದ ಬಡಿಯುತ್ತದೆ. ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ಸಂಜೆಯ ಬಿಸಿಲಿಗೆ ಎದುರಾಗಿ ಗಾಜು ನಿಲ್ಲಿಸಿ, ಒಳಗೆ ಎಸಿ ಹಾಕಿ, ಅದರ ಬಿಸಿ ಗಾಳಿಯನ್ನು ಮತ್ತೆ ರಸ್ತೆಗೆ ಬಿಡುತ್ತಾರೆ. ಇದನ್ನು ನಾನು ಒಪ್ಪಲಾರೆ.

ಹೋದ ತಿಂಗಳು ಚೌಕ್ ಹತ್ತಿರ ಒಂದು ಹಳೇ ಮಾಳಿಗೆ ಮನೆ ಕೆಡವುತ್ತಿದ್ದರು. ಜೆಸಿಬಿ ಅರ್ಧ ಗೋಡೆ ಕಿತ್ತು ಊಟಕ್ಕೆ ನಿಂತಿತ್ತು. ನಾನು ಸೈಕಲ್ ಇಳಿದು ನೋಡಿದೆ. ಹೊರಗೊಂದು, ಒಳಗೊಂದು ಕಲ್ಲಿನ ವರಸೆ, ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿದ ಗೋಡೆ. ದಪ್ಪ ನನ್ನ ಮೊಳಕೈಯಿಂದ ಬೆರಳ ತುದಿಗಿಂತಲೂ ಹೆಚ್ಚು. ಒಳಗಿನ ಗೂಡಿನಲ್ಲಿ ದೀಪದ ಮಸಿ ಹಾಗೇ ಇತ್ತು. ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಫರಸಿ ಕಲ್ಲಿನ ಹಾಸು, ಫರಸಿಯ ಮೇಲೆ ಮಣ್ಣು. ಗೌಂಡಿಯೊಬ್ಬ ಫರಸಿಗಳನ್ನು ಒಂದೊಂದಾಗಿ ಇಳಿಸಿ ಕಂಬಕ್ಕೆ ಆನಿಸುತ್ತಿದ್ದ. ಒಂದೂ ಒಡೆದಿರಲಿಲ್ಲ. "ಇವು ಇನ್ನೊಂದ್ ಮನಿಗೆ ಆಗ್ತಾವ್ರಿ. ಸ್ಲ್ಯಾಬ್ ಒಡದ್ರ ಏನ್ ಬರ್ತದ್ರಿ, ಬರೇ ಪುಡಿ" ಅಂದ. ಆ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲೇ ಇತ್ತು.

ಯಾಕೆ ಅಂದರೆ, ಸ್ಲ್ಯಾಬಿನ ಸಿಮೆಂಟೂ ಅದೇ ಕಲ್ಲಿನದು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಹೆಚ್ಚಾಗಿ ಇರುವುದು ಸುಣ್ಣದ ಕಲ್ಲು. ಅದು ಪದರ ಪದರವಾಗಿ ಕೂತಿರುವುದರಿಂದ ಖಣಿಯಲ್ಲಿ ಹಾರೆ ಕೊಟ್ಟು ಎಬ್ಬಿಸಿದರೆ ಸಪಾಟಾಗಿ ಏಳುತ್ತದೆ. ಹಾಗೆ ಎದ್ದದ್ದು ಶಹಾಬಾದಿ ಫರಸಿ. ಅದೇ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಉಸುಕಿನ ಜೊತೆ ಗಾಣದಲ್ಲಿ ಅರೆದರೆ ನಮ್ಮ ಹಿರಿಯರ ಗಚ್ಚು. ವಾಡಿ, ಮಳಖೇಡ, ಸೇಡಂ ಕಾರ್ಖಾನೆಗಳಲ್ಲಿ ಜೇಡಿಮಣ್ಣಿನಂಥ ಕಚ್ಚಾಮಾಲಿನ ಜೊತೆ ಸುಮಾರು 1,450 ಡಿಗ್ರಿಯಲ್ಲಿ ಸುಟ್ಟು ಪುಡಿ ಮಾಡಿದರೆ ಸಿಮೆಂಟು. ಕಲ್ಲಾಗಿ ಹಾಸಿದರೆ ಮತ್ತೆ ಎತ್ತಿ ಹಾಸಬಹುದು. ಸುಟ್ಟು ಎರಕ ಹೊಯ್ದ ಮೇಲೆ ಅದು ಒಂದೇ ಮನೆಗೆ. ನಿನಗೆ ಇದೆಲ್ಲ ಪುಸ್ತಕದಲ್ಲಿ ಗೊತ್ತು. ನನಗೆ ಆ ಗೌಂಡಿಯ ಮಾತಿನಿಂದ ತಿಳಿಯಿತು.

ಸಿಮೆಂಟೇ ಬೇಡ ಅನ್ನುತ್ತಿಲ್ಲವ್ವ. ಮಾಳಿಗೆಯ ಮಣ್ಣು ತೋಯ್ದು ಸೋರಿದ ಮಳೆಗಾಲಗಳನ್ನು ನಿನ್ನ ಅವ್ವ ಪಾತ್ರೆ ಇಟ್ಟು ಕಳೆದಿದ್ದಾಳೆ. ಫರಸಿಯ ಉದ್ದಕ್ಕೆ ತಕ್ಕಷ್ಟೇ ತೊಲೆಗಳ ಅಂತರ, ತೊಲೆಯ ಉದ್ದಕ್ಕೆ ತಕ್ಕಷ್ಟೇ ಕೋಣೆ. ಅದಕ್ಕೇ ನಮ್ಮ ಕೋಣೆಗಳು ಇಕ್ಕಟ್ಟು. ಕಾಕಾನ ಮಕ್ಕಳಿಗೆ ಓದಲು ಜಾಗ ಬೇಕು, ಬಚ್ಚಲು ಒಳಗೆ ಬೇಕು. ಅವನ ಕಷ್ಟ ಸುಳ್ಳಲ್ಲ.

ರಸ್ತೆಯದ್ದೂ ಒಂದು ತಕರಾರು ಇದೆ. ಹಳೇ ರಸ್ತೆ ಕೆರೆಯದೆ ಅದರ ಮೇಲೇ ಡಾಂಬರು, ಡಾಂಬರಿನ ಮೇಲೆ ಸಿಮೆಂಟು. ಮುತ್ಯಾ ಕಟ್ಟಿಸಿದಾಗ ಬಾಗಿಲಿಗೆ ಮೂರು ಮೆಟ್ಟಿಲು ಇದ್ದವಂತೆ, ಈಗ ಒಂದೇ ಕಾಣುತ್ತದೆ. ಮುತ್ಯಾ ಕೂತು ಊರ ಸುದ್ದಿ ಕೇಳುತ್ತಿದ್ದ ಕಟ್ಟೆ ಈಗ ಮೊಣಕಾಲಿನಷ್ಟೂ ಎತ್ತರ ಇಲ್ಲ. ಜೋರು ಮಳೆ ಬಂದರೆ ನೀರು ಪಡಸಾಲೆಗೇ ಬರುತ್ತದೆ. ಬ್ರಹ್ಮಪುರದಲ್ಲಿ ಎಷ್ಟೋ ಹಳೇ ಮನೆಗಳ ಕತೆ ಇದೇ. ಗೋಡೆ ಗಟ್ಟಿಯಿದ್ದರೂ ಕೆಳಗೆ ತೇವ ಹಿಡಿದು ಮನೆ ಬಿಡುತ್ತಾರೆ, ಆಮೇಲೆ ಹಳತಾಯಿತು ಅಂತ ಕೆಡವುತ್ತಾರೆ. ಹಳತಾದದ್ದಕ್ಕೆ ಅಲ್ಲ, ರಸ್ತೆ ಮೇಲೇರಿದ್ದಕ್ಕೆ ಕೆಟ್ಟಿದ್ದು ಅಂತ ಯಾರಾದರೂ ಹೇಳಬೇಕಲ್ಲ.

ನೀನು ಕಾಲೇಜಿನಲ್ಲಿದ್ದಾಗ ಕೋಟೆಯೊಳಗಿನ ಜಾಮಾ ಮಸೀದಿಯ ನಕ್ಷೆ ಬರೆದಿದ್ದೆ. 1367ರ ಕಟ್ಟಡ, ಬೇರೆ ಮಸೀದಿಗಳಂತೆ ತೆರೆದ ಅಂಗಳ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮುಚ್ಚಿಗೆ, ಬೆಳಕು ಬದಿಯ ಕಮಾನುಗಳಿಂದ ಬರುತ್ತದೆ ಅಂತ ನನ್ನನ್ನೇ ಒಳಗೆ ನಿಲ್ಲಿಸಿ ತೋರಿಸಿದ್ದೆ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕಮಾನಿನ ಕೆಳಗೆ ನೀನು ಕೂತು ಬರೆಯುತ್ತಿದ್ದೆ. ಸುಲ್ತಾನರು ಕಟ್ಟಿಸಿದ್ದಕ್ಕೆ ನಕ್ಷೆ ಇದೆ, ಕಾಯುವವರೂ ಇದ್ದಾರೆ. ಮುತ್ಯಾನಂಥವರು ಕಟ್ಟಿಸಿದ ಮನೆಗಳಿಗೆ ಎರಡೂ ಇಲ್ಲ. ಒಂದು ಬೆಳಿಗ್ಗೆ ಜೆಸಿಬಿ ಬಂದರೆ ಅವು ಹೇಗಿದ್ದವು ಅನ್ನುವುದೂ ಹೋಗುತ್ತದೆ.

ಹಾಗಾಗಿ ನನ್ನ ಮನಸ್ಸಿನಲ್ಲಿ ಇರುವುದು ಇಷ್ಟು. ಹಿಂದಿನ ಎರಡು ಕೋಣೆ ತೆಗೆದು ಆರ್‌ಸಿಸಿ ಹಾಕಲಿ, ಬಚ್ಚಲು ಅಡುಗೆಮನೆ ಅಲ್ಲಿ ಬರಲಿ. ಮುಂದಿನ ಪಡಸಾಲೆ, ಕಲ್ಲಿನ ಗೋಡೆ, ಬೆಳಕಿಂಡಿ ಉಳಿಯಲಿ. ಮೇಲಿನ ಮಣ್ಣು ಇಳಿಸಿದರೆ ಭಾರ ಕಡಿಮೆಯಾಗುತ್ತದಲ್ಲ, ಸೋರದಂತೆ ಮೇಲೆ ಏನು ಹಾಕಬೇಕು? ಬಿರುಕು ಬಿಟ್ಟ ತೊಲೆಯ ಜಾಗಕ್ಕೆ ಕಬ್ಬಿಣದ ಗರ್ಡರ್ ಕೊಟ್ಟು ಅದೇ ಫರಸಿ ಮತ್ತೆ ಹಾಸಬಹುದಾ? ರಸ್ತೆ ನೀರಿಗೆ ಬಾಗಿಲಲ್ಲಿ ಏನು ಮಾಡಬೇಕು? ಆಗುವುದಿಲ್ಲ ಅಂತ ನೀನೇ ಅಳೆದು ನೋಡಿ ಹೇಳಿದರೆ ನಾನು ಕೇಳುತ್ತೇನೆ. ಗುತ್ತಿಗೆದಾರ ಹೇಳಿದರೆ ಕೇಳುವುದಿಲ್ಲ.

ಪಂಚಮಿಗೆ ಹೇಗೂ ಬರುತ್ತೀ. ಎರಡು ದಿನ ಹೆಚ್ಚಿಗೆ ರಜಾ ಹಾಕಿ ಬಾ, ಉದ್ದನೆಯ ಟೇಪು ತಾ. ಮಾಳಿಗೆಗೆ ಏರುವ ನಿಚ್ಚಣಿಕೆ ಮುರಿದಿತ್ತು, ರಿಪೇರಿ ಮಾಡಿಸಿದ್ದೇನೆ. ಪಂಚಮಿ ಮುಗಿಯುವವರೆಗೆ ಯಾರಿಗೂ ಗುತ್ತಿಗೆ ಕೊಡುವುದಿಲ್ಲ ಅಂತ ಕಾಕಾ ಒಪ್ಪಿದ್ದಾನೆ. ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯಲು ಅವನನ್ನೇ ಕರೆಯೋಣ.

ಇಂತಿ,
ನಿನ್ನ ಅಪ್ಪ
ಬ್ರಹ್ಮಪುರ, ಕಲಬುರಗಿ