ಹೆಸ್ಸೆ ಓಡಿಹೋದದ್ದನ್ನು ಯಾಕೆ ಮುಚ್ಚಿಡುತ್ತೀರಿ?

ಸಂಪಾದಕರೇ,

ನೊಬೆಲ್ ಪಡೆದ ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆ ಬಗ್ಗೆ ಬಲ್ಮಠದಲ್ಲಿ ಶನಿವಾರ ನಡೆದ ಉಪನ್ಯಾಸದ ನಿಮ್ಮ ವರದಿ ಓದಿ ಸಿಟ್ಟು ಬಂತು. 'ಮಿಷನ್ ಮಡಿಲಲ್ಲಿ ಅರಳಿದ ನೊಬೆಲ್ ಪ್ರತಿಭೆ' ಅಂತ ತಲೆಬರಹ. ಭಾಷಣಕಾರರು ಹೇಳಿದ್ದೂ ಅದನ್ನೇ. ನಾನು ಅಲ್ಲೇ ಕೂತಿದ್ದೆ.

ಅಲ್ಲಿಗೆ ತಲುಪಿದ್ದೇ ದೊಡ್ಡದು. ರಸ್ತೆ ಅಗೆದು ಹಾಕಿದ್ದರು, ಬಸ್ಸು ಜ್ಯೋತಿ ಸರ್ಕಲ್‌ನಲ್ಲೇ ಇಳಿಸಿತು. ಮಂಡಿನೋವಿನಲ್ಲಿ ಧೂಳು ಕುಡಿಯುತ್ತಾ ನಡೆದೆ. ಅತಿಥಿ ಬರಲಿಲ್ಲವೆಂದು ಕಾರ್ಯಕ್ರಮ ತಡ. ಮೈಕ್ ಬೇರೆ ಕೆಟ್ಟಿತ್ತು. ಕೊನೆಗೆ ಪ್ರಶ್ನೆ ಕೇಳಲು ಎದ್ದರೆ 'ಸಮಯವಿಲ್ಲ' ಅಂತ ಕೂರಿಸಿದರು. ಅದನ್ನೇ ಇಲ್ಲಿ ಕೇಳುತ್ತಿದ್ದೇನೆ.

ಹೆಸ್ಸೆಯ ಅಪ್ಪ ಯೊಹಾನೆಸ್ 1869ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನಿಂದ ಮಂಗಳೂರಿಗೆ ಬಂದವರು. ಆರೋಗ್ಯ ಕೆಟ್ಟು 1873ರಲ್ಲಿ ವಾಪಸಾದರು. ಅಜ್ಜ ಗುಂಡರ್ಟ್ ಮಲಯಾಳಂ ನಿಘಂಟು ಬರೆದವರು. ತಾಯಿ ಹುಟ್ಟಿದ್ದೇ ತಲಶ್ಶೇರಿಯಲ್ಲಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದ್ದು? ಮಗನೂ ಪಾದ್ರಿಯಾಗಲಿ ಅಂತ ಜರ್ಮನಿಯ ಮೌಲ್‌ಬ್ರಾನ್ ಸೆಮಿನರಿಗೆ ಸೇರಿಸಿದರು. 1892ರ ಮಾರ್ಚ್‌ನಲ್ಲಿ, 14ನೇ ವಯಸ್ಸಿಗೆ, ಆತ ಅಲ್ಲಿಂದ ಓಡಿಹೋದ. ಸರಿಮಾಡಲಿ ಅಂತ ಬಾಡ್ ಬೋಲ್‌ನ ಪಾದ್ರಿಯೊಬ್ಬರ ಬಳಿ ಬಿಟ್ಟರು. ಅಲ್ಲಿ ಪ್ರಾಣ ಕಳೆದುಕೊಳ್ಳಲು ಹೊರಟ. ಆಮೇಲೆ ಬುದ್ಧಿಮಾಂದ್ಯರ ಆಶ್ರಮಕ್ಕೆ ಸೇರಿಸಿದರು. ಅಲ್ಲಿಂದ ಹೆತ್ತ ಅಪ್ಪನಿಗೆ ಬರೆದ ಒಂದು ಪತ್ರ ಶುರುವಾಗುವುದು 'ಮಾನ್ಯರೇ' ಅಂತ. ಎಷ್ಟು ನೊಂದಿರಬೇಕು ಆ ಹುಡುಗ! ಮಡಿಲು ಅಂದರೆ ಇದೇನಾ?

ನಾನೂ ಬಾಸೆಲ್ ಮಿಷನ್ ಸಭೆಯ, ಅಂದರೆ ಚರ್ಚಿನ, ಮನೆಯವನೇ. ನಮ್ಮಜ್ಜ ಮಿಷನ್‌ನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಆ ಅನ್ನದ ಋಣ ನನಗೆ ಗೊತ್ತು. ಆದರೆ ನಮ್ಮ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಸಭೆ ಬಿಟ್ಟುಹೋದವರ ಹೆಸರನ್ನು ಕ್ರಿಸ್‌ಮಸ್ ಊಟದಲ್ಲೂ ಯಾರೂ ಎತ್ತುವುದಿಲ್ಲ. ನೊಬೆಲ್ ಬಂದರೆ ಮಾತ್ರ ನಮ್ಮವನು ಅನ್ನುವುದು ಯಾವ ನ್ಯಾಯ?

ಅಧಿಕಾರಿಗಳದ್ದೂ ಇದೇ ಬುದ್ಧಿ. ಜುಲೈ 1 ಬಂದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ, ಇದೇ ಮಿಷನ್‌ನ ಮೊಗ್ಲಿಂಗರ ಫೋಟೊಗೆ ಹಾರ, ಭಾಷಣ. ಉಳಿದ ದಿನ ಆ ಕಾಲದ ಕಟ್ಟಡಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಂಚಿನ ಕಾರ್ಖಾನೆಗಳು ಒಂದೊಂದೇ ನೆಲಸಮವಾದವು. ಕೇಳಲು ಹೋದರೆ ಆ ಟೇಬಲ್, ಈ ಟೇಬಲ್ ಅಂತ ಸುಮ್ನೆ ಅಲೆಸುತ್ತಾರೆ.

ನೀವು ಹೆಸ್ಸೆಯ ಪೂರ್ತಿ ಕಥೆ ಹಾಕಿ. ಸಂಘಟಕರು ಇನ್ನೊಮ್ಮೆ ಜನರನ್ನು ಕರೆದು ಉತ್ತರ ಕೊಡಲಿ. ಅಗೆದ ಗುಂಡಿಯನ್ನೂ ಯಾರಾದರೂ ಮುಚ್ಚಲಿ. ಅರ್ಧ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುವವರಿಗೆ, ಅದನ್ನು ಹಾಗೇ ಅಚ್ಚು ಹಾಕುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

— ನೊಂದ ಓದುಗ, ಮಂಗಳೂರು