ಮರದ ಫ್ಲೋರಿಂಗ್ ಹಾಳಾಗಿರೋದು ನಮ್ಮ ಮಾಪ್‌ನಿಂದ ಅಲ್ಲ, ದಯವಿಟ್ಟು ಈಗಲೇ ಸ್ಯಾಂಡಿಂಗ್‌ಗೆ ಬರ್ಬೇಡಿ

ಗೆ,
ಕಸ್ಟಮರ್ ಕೇರ್ ಮತ್ತು ಇನ್‌ಸ್ಟಾಲೇಶನ್ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಹಾಲ್ ಮತ್ತು ಹೊಸ ರೂಮಿನ ಹಾರ್ಡ್‌ವುಡ್ ಹಲಗೆಗಳ ಅಂಚು ಮೇಲೆದ್ದಿರೋದು, ವಾರಂಟಿ ನಿರಾಕರಣೆ

ಸರ್/ಮೇಡಂ,

ನಿಮ್ಮ ಟೆಕ್ನಿಷಿಯನ್ ಬಂದು ನೋಡ್ಕೊಂಡು ಹೋದ ಮೇಲೆ ನೀವು ಕಳ್ಸಿದ ಮೇಲ್ ಓದ್ದೆ. ಅದರಲ್ಲಿರೋದು ಎರಡೇ ಮಾತು. ಒಂದು, ಗ್ರಾಹಕರು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಹಲಗೆ ಹೀಗಾಗಿದೆ, ವಾರಂಟಿಗೆ ಬರಲ್ಲ ಅಂತ. ಇನ್ನೊಂದು, ಆದ್ರೂ ನಿಮ್ಮ ಮೇಲಿನ ವಿಶ್ವಾಸಕ್ಕೆ ಫ್ರೀಯಾಗಿ ಸ್ಯಾಂಡಿಂಗ್ (ಮೆಷಿನ್ನಲ್ಲಿ ಮೇಲ್ಭಾಗ ಉಜ್ಜೋದು) ಮಾಡಿ ಹೊಸ ಕೋಟಿಂಗ್ ಹೊಡೆದು ಕೊಡ್ತೀವಿ, ಮುಂದಿನ ವಾರ ಯಾವ ದಿನ ಆಗುತ್ತೆ ಹೇಳಿ ಅಂತ. ಮೊದಲನೇದು ಸರಿಯಿಲ್ಲ, ಎರಡನೇದನ್ನ ಈಗ ಮಾಡಿದ್ರೆ ಇರೋ ಫ್ಲೋರೂ ಹೋಗುತ್ತೆ, ಅದಕ್ಕೆ ಎರಡನ್ನೂ ಒಪ್ಪಲ್ಲ ಅಂತ ಲಿಖಿತವಾಗಿ ತಿಳಿಸ್ತಿದೀನಿ.

ಮೊದಲು ಆಗಿರೋದೇನು ಅಂತ ಸರಿಯಾಗಿ ದಾಖಲಾಗ್ಲಿ, ಯಾಕಂದ್ರೆ ನಿಮ್ಮ ರಿಪೋರ್ಟಲ್ಲಿ ಬರೀ "ಸರ್ಫೇಸ್ ಡ್ಯಾಮೇಜ್" ಅಂತಿದೆ. ಸರ್ಫೇಸಿಗೆ ಏನೂ ಆಗಿಲ್ಲ, ಕೋಟಿಂಗ್ ಎಲ್ಲೂ ಎದ್ದಿಲ್ಲ, ಬೆಳ್ಳಗಾಗಿಲ್ಲ, ಕಪ್ಪು ಕಲೆಯೂ ಇಲ್ಲ. ಆಗಿರೋದು ಕಪ್ಪಿಂಗ್. ಅಂದ್ರೆ ಒಂದೊಂದು ಹಲಗೆಯ ಎರಡೂ ಉದ್ದದ ಅಂಚು ಮೇಲಕ್ಕೆದ್ದಿದೆ, ನಡು ತಗ್ಗಾಗಿದೆ. ಹಲಗೆಗೆ ಅಡ್ಡವಾಗಿ ಸ್ಟೀಲ್ ಸ್ಕೇಲ್ ಇಟ್ಟು ಕಿಟಕಿ ಕಡೆ ಬಗ್ಗಿ ನೋಡಿದ್ರೆ ಸ್ಕೇಲು ಎರಡು ಅಂಚಿನ ಮೇಲೆ ಮಾತ್ರ ಕೂತಿರುತ್ತೆ, ಮಧ್ಯದಲ್ಲಿ ಬೆಳಕು ಗೆರೆಯಾಗಿ ಕಾಣುತ್ತೆ. ಬರಿಗಾಲಲ್ಲಿ ನಡೆದ್ರೆ ಪ್ರತಿ ಜಾಯಿಂಟೂ ಪಾದಕ್ಕೆ ತಗಲುತ್ತೆ. ಇದನ್ನ ನಿಮ್ಮ ಟೆಕ್ನಿಷಿಯನ್‌ಗೆ ತೋರಿಸೋಕೆ ಸ್ಕೇಲ್ ಕೈಗೆ ಕೊಟ್ರೆ ಅವರು ಫೋನಲ್ಲಿ ಒಂದು ಫೋಟೋ ತಗೊಂಡು, "ಮೇಡಂ ನೀವು ದಿನಾ ನೆಲ ಒರೆಸ್ತೀರಾ" ಅಂತ ಕೇಳಿದ್ರು. ಒರೆಸ್ತೀವಿ ಅಂದೆ. ಅಷ್ಟೇ, ಅವರ ತನಿಖೆ ಮುಗೀತು!

ಹಲಗೆ ಯಾಕೆ ಹೀಗಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿ ಬಂದಿರೋದೇ ಬೇಜಾರು. ಮರ ಗಾಳಿಯಲ್ಲಿರೋ ಪಸೆ ಹೀರಿಕೊಂಡು ಅಗಲಕ್ಕೆ ಹಿಗ್ಗುತ್ತೆ, ಉದ್ದಕ್ಕೆ ಹಿಗ್ಗೋದು ತೀರಾ ಕಡಿಮೆ. ಮೇಲ್ಭಾಗಕ್ಕೆ ಕೋಟಿಂಗ್ ಇದೆ, ಗಾಳಿಯೂ ಆಡುತ್ತೆ, ಅದು ಒಣಗೇ ಇರುತ್ತೆ, ಕೆಳಭಾಗ ಮಾತ್ರ ತೇವ ಕುಡಿದ್ರೆ ಕೆಳಗೆ ಜಾಸ್ತಿ ಹಿಗ್ಗಿ ಅಂಚು ಮೇಲಕ್ಕೆ ಬಾಗುತ್ತೆ. ಸರಿ, ಮೇಲಿಂದ ನೀರು ಜಾಯಿಂಟಿನಲ್ಲಿ ಇಳಿದ್ರೂ ಹೀಗಾಗಬಹುದು ಅಂತ ನೀವು ಹೇಳ್ತೀರಿ, ಒಪ್ಪೋಣ. ಹಾಗಿದ್ರೆ ಎಲ್ಲಿ ಜಾಸ್ತಿ ಒರೆಸ್ತೀವೋ ಅಲ್ಲಿ ಜಾಸ್ತಿ ಆಗ್ಬೇಕಿತ್ತಲ್ವಾ? ಊಟದ ಟೇಬಲ್ ಸುತ್ತ, ಅಡುಗೆಮನೆ ಬಾಗಿಲ ಹತ್ರ ನೆಲ ಚೆನ್ನಾಗೇ ಇದೆ. ಎಲ್ಲಕ್ಕಿಂತ ಕೆಟ್ಟಿರೋದು ಹೊಸ ರೂಮಲ್ಲಿ ಹೊರಗೋಡೆ ಪಕ್ಕ, ಅದೂ ಬೀರು ಕೆಳಗೆ ಮತ್ತೆ ದೊಡ್ಡ ಮಂಚದ ಕೆಳಗೆ, ಯಾವ ಮಾಪೂ ತಲುಪದ ಜಾಗದಲ್ಲಿ. ಆ ಮಂಚ ಸರಿಸಿ ನೋಡಿ ಅಂತ ಕೇಳ್ಕೊಂಡ್ರೂ ನಿಮ್ಮವರು ಸರಿಸಲಿಲ್ಲ.

ಇನ್ನು ನಾವು ಒರೆಸೋದು ಹೇಗೆ ಅಂದ್ರೆ ಮೈಕ್ರೋಫೈಬರ್ ಬಟ್ಟೆ, ಚೆನ್ನಾಗಿ ಹಿಂಡಿ, ಹಲಗೆಯ ಉದ್ದಕ್ಕೆ. ಸ್ಟೀಮ್ ಮಾಪ್ ಇಲ್ಲ, ವಿನೆಗರ್ ಇಲ್ಲ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದೀವಿ, ಬಾಗಿಲ ಹತ್ರ ಮರಳು ಮಣ್ಣು ಒಳಗೆ ಬರದ ಹಾಗೆ ಕಾಲೊರೆಸು ಹಾಕಿದೀವಿ. ಇದೆಲ್ಲ ನಿಮ್ಮ ಕೇರ್ ಶೀಟಲ್ಲಿ ಇರೋದೇ. ತಮಾಷೆ ಅಂದ್ರೆ ನಿಮ್ಮ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದಾಗ ಒಬ್ರು "ಸ್ಟೀಮ್ ಮಾಪ್ ಯೂಸ್ ಮಾಡಿ, ಲೆವೆಲ್ ಆಗುತ್ತೆ" ಅಂದ್ರು, ಅದೇ ಸ್ಟೀಮ್ ಮಾಪ್ ಬಳಸಿದ್ರೆ ವಾರಂಟಿ ರದ್ದು ಅಂತ ನಿಮ್ಮ ಕಾಗದದಲ್ಲೇ ಅಚ್ಚಾಗಿದೆ.

ಈಗ ತೇವ ಎಲ್ಲಿಂದ ಬಂತು ಅನ್ನೋ ವಿಷಯ. ಹೊಸ ರೂಮಿನ ನೆಲದ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಆಗಿನ್ನೂ ಜಾಸ್ತಿ ದಿನ ಆಗಿರಲಿಲ್ಲ, ಅದನ್ನ ನಾನೇ ನಿಮ್ಮ ಸೂಪರ್‌ವೈಸರ್‌ಗೆ ಹೇಳಿದ್ದೆ. "28 ದಿನ ಕ್ಯೂರಿಂಗ್ ಆದ್ರೆ ಸಾಕು ಸರ್, ಒಣಗಿರುತ್ತೆ" ಅಂದ್ರು ನಮ್ಮ ಮನೆಯವರ ಹತ್ರ. 28 ದಿನ ಅನ್ನೋದು ಕಾಂಕ್ರೀಟಿಗೆ ಗಟ್ಟಿತನ ಬರೋ ಲೆಕ್ಕ, ಒಣಗೋ ಲೆಕ್ಕ ಅಲ್ಲ. ಒಂದಿಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅಂತ ಈ ಕೆಲಸದವರು ಅಂದಾಜು ಇಟ್ಕೊಳ್ತಾರೆ, 4 ಇಂಚಿನ ಸ್ಲ್ಯಾಬ್ ಅಂದ್ರೆ ನಾಲ್ಕು ತಿಂಗಳೇ ಆಯ್ತು, ಅದೂ ಗಾಳಿ ಆಡ್ತಿದ್ರೆ. ಅಂದಾಜು ಬೇಡ ಅಂದ್ರೆ ಸ್ಲ್ಯಾಬಲ್ಲಿ ತೂತು ಕೊರೆದು ಒಳಗೆ ಪ್ರೋಬ್ ಇಟ್ಟು ಆರ್ದ್ರತೆ ಅಳೆಯೋ ಟೆಸ್ಟ್ ಇದೆ, ಸ್ಲ್ಯಾಬಿಂದ ಮೇಲೆ ಬರೋ ಪಸೆ ಅಳೆಯೋ ಕ್ಯಾಲ್ಸಿಯಂ ಕ್ಲೋರೈಡ್ ಟೆಸ್ಟ್ ಇದೆ. ಯಾವುದೂ ಮಾಡಿಲ್ಲ. ಮಾಡಿದ್ರೆ ಅದರ ರೀಡಿಂಗ್ ಕಳ್ಸಿ ಅಂತ ಹಿಂದಿನ ಮೇಲಲ್ಲೇ ಕೇಳಿದ್ದೆ, ಅದಕ್ಕೆ ಮಾತ್ರ ಉತ್ತರ ಇಲ್ಲ.

ತೇವ ಮೇಲೆ ಬರದ ಹಾಗೆ ಸ್ಲ್ಯಾಬ್ ಮೇಲೆ ಪಾಲಿಥೀನ್ ಶೀಟ್ ಹಾಕ್ತೀವಿ ಅಂತ ಕೊಟೇಶನ್‌ನಲ್ಲಿದೆ, ಹಾಕಿದ್ದೂ ನಿಜ. ಹೇಗೆ ಹಾಕಿದೀರಿ ಅಂತ ಮೊನ್ನೆ ಗೊತ್ತಾಯ್ತು. ಹಾಲಿಗೂ ರೂಮಿಗೂ ನಡುವಿನ ಹೊಸಿಲ ಪಟ್ಟಿ ಸಡಿಲ ಆಗಿತ್ತು, ಬಡಗಿ ಬಂದು ಅದನ್ನ ತೆಗೆದಾಗ ಒಳಗೆ ಎರಡು ಶೀಟಿನ ಅಂಚು ಕಾಣಿಸ್ತು. ಒಂದರ ಮೇಲೊಂದು ಕನಿಷ್ಠ 6 ಇಂಚು ಬಂದು ಟೇಪ್ ಆಗಿರಬೇಕಾದ್ದು, ಪಕ್ಕಪಕ್ಕ ಸುಮ್ಮನೆ ಬಿದ್ದಿದೆ, ಮಧ್ಯೆ ಬೆರಳು ತೂರುವಷ್ಟು ಸ್ಲ್ಯಾಬ್ ಬರಿದಾಗಿ ಕಾಣ್ತಿದೆ. ಅಲ್ಲಿ ಹಲಗೆ ಕೆಳಗೆ ಹಾಕಿರೋ ಪ್ಲೈವುಡ್‌ನ ಅಂಚು ಬಣ್ಣ ತಿರುಗಿದೆ, ಮೂಗು ಹತ್ರ ತಂದ್ರೆ ಮುಗ್ಗಲು ವಾಸನೆ. ಬಡಗಿಯ ಮಾಯ್‌ಶ್ಚರ್ ಮೀಟರಿನ ಪಿನ್ ಚುಚ್ಚಿ ನೋಡಿದ್ವಿ, ಹಲಗೆ ಮೇಲ್ಭಾಗದಲ್ಲಿ 9%, ಕೆಳಗಿನ ಪ್ಲೈನಲ್ಲಿ 16%. ನಮ್ಮ ಹಲಗೆ 5 ಇಂಚು ಅಗಲದ್ದು. 3 ಇಂಚು ಮತ್ತು ಅದಕ್ಕಿಂತ ಅಗಲ ಇರೋ ಹಲಗೆಗೆ, ಕೂರಿಸುವಾಗ ಹಲಗೆಗೂ ಕೆಳಗಿನ ಪ್ಲೈಗೂ 2%ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅನ್ನೋದು ನಿಮ್ಮ ಕಸುಬಿನ ನಿಯಮ. ಮೀಟರ್ ರೀಡಿಂಗ್ ಫೋಟೋ, ಶೀಟಿನ ಫೋಟೋ ಎರಡೂ ಇದರ ಜೊತೆ ಹಾಕಿದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ, ಸ್ಲ್ಯಾಬ್ ಹಸಿ ಇದ್ದದ್ದಕ್ಕೆ ನಮ್ಮ ಮಾಪ್ ಮೇಲೆ ತಪ್ಪು ಹೊರಿಸ್ಬೇಡಿ.

ಇನ್ನೂ ಎರಡು ಸಂಗತಿ ಇದೆ. ಹಲಗೆಯ ಬಂಡಲ್‌ಗಳು ಬಂದಿದ್ದು ಬೆಳಿಗ್ಗೆ, ಮಧ್ಯಾಹ್ನ ಊಟಕ್ಕೆ ಮುಂಚೆನೇ ಪ್ಲಾಸ್ಟಿಕ್ ಹರಿದು ಮೊಳೆ ಹೊಡೆಯೋಕೆ ಶುರು. ಬಂಡಲ್ ಬಿಚ್ಚಿ ರೂಮಿನ ವಾತಾವರಣಕ್ಕೆ ಹೊಂದಿಕೊಳ್ಳೋಕೆ ಬಿಡಬೇಕು ಅಂತ ನಿಮ್ಮ ಬಾಕ್ಸ್ ಮೇಲೇ ಪ್ರಿಂಟ್ ಇದೆ. ಕೇಳಿದ್ದಕ್ಕೆ "ನಮ್ಮ ಗೋಡೌನಲ್ಲೇ ಸೆಟ್ ಆಗಿ ಬಂದಿದೆ" ಅಂದ್ರು. ಗೋಡೌನಿನ ಗಾಳಿಗೆ ಸೆಟ್ ಆಗಿ ನಮಗೇನು ಬಂತು? ಆಮೇಲೆ ಗೋಡೆ ಪಕ್ಕದ ಗ್ಯಾಪ್. ಹಿಗ್ಗೋಕೆ ಜಾಗ ಇರ್ಲಿ ಅಂತ ಸುತ್ತಲೂ ಅರ್ಧ ಇಂಚಿನಿಂದ ಮುಕ್ಕಾಲು ಇಂಚು ಬಿಟ್ಟು ಸ್ಕರ್ಟಿಂಗಿನಲ್ಲಿ ಮುಚ್ಚೋದು ಪದ್ಧತಿ. ಹೊರಗೋಡೆ ಕಡೆ ಒಂದು ತುಂಡು ಸ್ಕರ್ಟಿಂಗ್ ಬಿಚ್ಚಿ ನೋಡಿದ್ರೆ ಹಲಗೆ ಗೋಡೆಗೆ ಒತ್ತಿ ಕೂತಿದೆ, ವಿಸಿಟಿಂಗ್ ಕಾರ್ಡೂ ತೂರಲ್ಲ. ಬಿಡ್ಲಿಲ್ವೋ, ಬಿಟ್ಟಿದ್ದು ಹಿಗ್ಗಿ ತುಂಬ್ಕೊಂಡ್ತೋ, ಅದನ್ನ ನೀವೇ ಬಂದು ನೋಡಿ ಹೇಳಿ. ಹೀಗೇ ಬಿಟ್ರೆ ಹಲಗೆ ಇಡಿಯಾಗಿ ಪ್ಲೈ ಬಿಟ್ಟು ಮೇಲೆದ್ದು ಬರುತ್ತೆ ಅನ್ನೋ ಭಯ ನಮಗಿದೆ.

ಒಂದು ಮಾತು ಹೇಳ್ಬೇಕು, ಮೆಟ್ಟಿಲು ಮಾಡಿದ ಹುಡುಗರ ಕೆಲಸ ಮಾತ್ರ ಬಹಳ ಚೆನ್ನಾಗಿದೆ, ಮೆಟ್ಟಿಲಂಚಿನ ಮೂಗಿನ ಪಟ್ಟಿ ಎಲ್ಲ ಕೂದಲೆಳೆ ವ್ಯತ್ಯಾಸ ಇಲ್ದೆ ಕೂರಿಸಿದಾರೆ, ಅವರ ಮೇಲೆ ನಮಗೆ ಯಾವ ದೂರೂ ಇಲ್ಲ. ಹಾಲಲ್ಲಿ ಒಂದೇ ಬಾಕ್ಸಿನ ಹಲಗೆ ಒಂದೇ ಕಡೆ ಹಾಕಿ ಕಿಟಕಿ ಹತ್ರ ಬಣ್ಣ ಬೇರೆ ಕಾಣೋದನ್ನೂ ಈಗ ಎತ್ತಲ್ಲ, ಅದರ ಜೊತೆ ಬದುಕ್ಬಹುದು.

ನಿಮ್ಮ ಫ್ರೀ ಸ್ಯಾಂಡಿಂಗ್ ಯಾಕೆ ಬೇಡ ಅಂದ್ರೆ, ಈಗ ಎದ್ದಿರೋ ಅಂಚುಗಳನ್ನ ಮೆಷಿನ್ನಲ್ಲಿ ಉಜ್ಜಿ ಮಟ್ಟ ಮಾಡ್ತೀರಿ, ಅವತ್ತು ಕನ್ನಡಿ ಹಾಗಿರುತ್ತೆ, ಫೋಟೋ ತಗೊಂಡು ನಮ್ಮ ಸೈನ್ ಹಾಕಿಸ್ಕೊಂಡು ಫೈಲ್ ಮುಚ್ತೀರಿ. ಆಮೇಲೆ ಕೆಳಗಿನ ತೇವ ಆರಿದಾಗ ಹಿಗ್ಗಿದ್ದ ಕೆಳಭಾಗ ಕುಗ್ಗುತ್ತೆ, ಉಜ್ಜಿ ತೆಳ್ಳಗಾದ ಅಂಚು ಕೆಳಗಿಳಿಯುತ್ತೆ, ನಡು ಉಬ್ಬುತ್ತೆ. ಇದಕ್ಕೆ ಕ್ರೌನಿಂಗ್ ಅಂತ ನಿಮ್ಮಲ್ಲೇ ಹೆಸರಿದೆ. ಆಗ ಮತ್ತೆ ಉಜ್ಜಬೇಕು, ಮತ್ತೆ ಮರ ಹೋಗುತ್ತೆ. 18 ಮಿಮೀ ಹಲಗೆ ಅಂದ್ರೂ ಉಜ್ಜೋಕೆ ಸಿಗೋದು ಹಲಗೆಗಳನ್ನ ಒಂದಕ್ಕೊಂದು ಸಿಕ್ಕಿಸೋಕೆ ಅಂಚಲ್ಲಿ ಕೊರೆದಿರೋ ತೋಡಿನ ಮೇಲಿರೋ ಭಾಗ ಮಾತ್ರ, ಅದು ಪೂರ್ತಿ ದಪ್ಪದ ಮೂರನೇ ಒಂದು ಭಾಗದಷ್ಟು. ತಲೆಮಾರು ಬಾಳಿಕೆ ಬರುತ್ತೆ ಅಂತ ಹೇಳಿ ಮಾರಿದ ಫ್ಲೋರನ್ನ ಮೊದಲ ವರ್ಷದಲ್ಲೇ ಎರಡು ಸಲ ಉಜ್ಜಿಸಿಕೊಳ್ಳೋಕೆ ನಾವು ತಯಾರಿಲ್ಲ.

ಹಾಗಾಗಿ ಮಾಡ್ಬೇಕಾದ್ದು ಇಷ್ಟು. ಮೊದಲು ಮೀಟರ್ ಹಿಡ್ಕೊಂಡು ಗೊತ್ತಿರೋರನ್ನ ಕಳ್ಸಿ, ಹಲಗೆಯ ಮೇಲೆ, ಕೆಳಗೆ, ಪ್ಲೈನಲ್ಲಿ, ಸ್ಲ್ಯಾಬಲ್ಲಿ ರೀಡಿಂಗ್ ತಗೊಂಡು ನಮಗೂ ಒಂದು ಪ್ರತಿ ಕೊಡ್ಲಿ. ಹೊರಗೋಡೆ ಕಡೆಯ ಎರಡು ಮೂರು ಸಾಲು ಬಿಚ್ಚಿ, ಶೀಟ್ ಸರಿಯಾಗಿ ಓವರ್‌ಲ್ಯಾಪ್ ಮಾಡಿ ಟೇಪ್ ಹಾಕಿ, ಕೊಳೆತ ಪ್ಲೈ ಬದಲಾಯಿಸಿ, ಗ್ಯಾಪ್ ಬಿಡಿ. ಆಮೇಲೆ ಒಣಗೋಕೆ ಬಿಡೋಣ, ಎಷ್ಟು ಸಮಯ ಬೇಕೋ ಅಷ್ಟು, ಅದಕ್ಕೆ ನಮ್ಮದೇನೂ ಅವಸರ ಇಲ್ಲ. ಕೆಲವು ಹಲಗೆ ತಾನಾಗೇ ಮಟ್ಟಕ್ಕೆ ಬಂದ್ರೂ ಬರಬಹುದು. ಮೇಲೂ ಕೆಳಗೂ ರೀಡಿಂಗ್ ಹತ್ತಿರ ಹತ್ತಿರ ಬಂದ ಮೇಲೆ ಉಳಿದದ್ದಕ್ಕೆ ಸ್ಯಾಂಡಿಂಗೋ, ಹೊಸ ಹಲಗೆಯೋ ತೀರ್ಮಾನ ಮಾಡೋಣ, ಖರ್ಚು ನಿಮ್ಮದು. ಆ ಬ್ಯಾಚಿನ ಹಲಗೆ ಒಂದಷ್ಟು ಈಗಲೇ ಎತ್ತಿಡಿ, ಆಮೇಲೆ ಸ್ಟಾಕ್ ಇಲ್ಲ ಅನ್ಬೇಡಿ.

ಉಳಿಸ್ಕೊಂಡಿರೋ ಕೊನೆ ಕಂತು ಇದೆಲ್ಲ ಆಗೋವರೆಗೆ ಕೊಡಲ್ಲ, ಅದಕ್ಕೆ ದಿನಾ ಫೋನ್ ಮಾಡೋ ನಿಮ್ಮ ಅಕೌಂಟ್ಸ್‌ನವರಿಗೂ ಈ ಪತ್ರ ತೋರಿಸಿ. ಹದಿನೈದು ದಿನದೊಳಗೆ ಮೇಲಲ್ಲೇ ಉತ್ತರ ಬೇಕು, ಫೋನಲ್ಲಿ ಬೇಡ. ಬರದಿದ್ರೆ ಇದೇ ಫೋಟೋ, ಕೊಟೇಶನ್, ಮೇಲ್‌ಗಳನ್ನ ತಗೊಂಡು ಗ್ರಾಹಕರ ಆಯೋಗಕ್ಕೆ ಹೋಗ್ತೀನಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಸ್ಕೇಲ್ ಇಟ್ಟ ಫೋಟೋ, ಮೀಟರ್ ರೀಡಿಂಗ್, ಹೊಸಿಲ ಕೆಳಗಿನ ಶೀಟ್, ಸ್ಕರ್ಟಿಂಗ್ ಬಿಚ್ಚಿದ ಜಾಗ, ಕೊಟೇಶನ್ ಪ್ರತಿ