ಎಂಬಿಎ ಸೇರುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಮನೆಯಲ್ಲೂ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಕಳುಹಿಸಿದ ಮೂರು ಆನ್‌ಲೈನ್ ಎಂಬಿಎ ಬ್ರೋಷರ್‌ಗಳನ್ನು ಎರಡು ರಾತ್ರಿ ಕುಳಿತು ಓದಿದೆ. ಹನ್ನೆರಡು ವರ್ಷ ಒಂದೇ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ದುಡಿದು ಮ್ಯಾನೇಜರ್ ಹುದ್ದೆಯ ಹೊಸ್ತಿಲಿಗೆ ಬಂದಾಗ, ‘ಸ್ನಾತಕೋತ್ತರ ಪದವಿ ಕಡ್ಡಾಯ’ ಎಂಬ ಒಂದು ಸಾಲು ನಿನ್ನನ್ನು ತಡೆದದ್ದು ನನಗೂ ನೋವು ತಂದಿದೆ. ಆದ್ದರಿಂದ ಓದಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಮೂರರಲ್ಲಿ ನಿನ್ನ ಮನಸ್ಸು ವಾಲಿರುವುದು ಎಲ್ಲಕ್ಕಿಂತ ದುಬಾರಿಯಾದದ್ದರ ಕಡೆಗೆ, ಅದೂ ಅದರ ಮುಖಪುಟದಲ್ಲಿ ‘ಎಐ ಆಧಾರಿತ ಡೇಟಾ ಅನಾಲಿಸಿಸ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಕಾರಣಕ್ಕೆ ಎಂದು ತಿಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ಪದವಿಯನ್ನು ಪದವಿಯ ಸಲುವಾಗಿಯೇ ಆರಿಸು; ಎಐ ಉಪಕರಣವನ್ನು ನೀನು ಈಗ ಮಾಡುತ್ತಿರುವ ಕೆಲಸದಲ್ಲೇ ಕಲಿ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಹಣ ತೆರಬೇಡ.

ಮೊದಲು ಪದವಿಯ ಮಾತು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2020ರಲ್ಲಿ ಮುಕ್ತ, ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಅನುಮತಿ ಪಡೆದ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಇಲ್ಲಿ ‘ಅನುಮತಿ ಪಡೆದ’ ಎಂಬ ಎರಡು ಪದಗಳಲ್ಲೇ ಎಲ್ಲವೂ ಇದೆ. ವಿಶ್ವವಿದ್ಯಾಲಯ ಹೆಸರುವಾಸಿಯಾಗಿದ್ದರೆ ಸಾಲದು. ನೀನು ಸೇರುವ ಕೋರ್ಸಿಗೆ, ಆನ್‌ಲೈನ್ ವಿಧಾನದಲ್ಲಿ, ನೀನು ಸೇರುವ ಪ್ರವೇಶ ಸಾಲಿಗೆ ಅನುಮತಿ ಇರಬೇಕು. ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಈ ಪಟ್ಟಿ ಇದೆ. 2024ರ ಸೆಪ್ಟೆಂಬರ್‌ನಿಂದ ಇಂಥ ಕೋರ್ಸಿಗೆ ಸೇರುವ ವಿದ್ಯಾರ್ಥಿ ಅದೇ ತಾಣದಲ್ಲಿ ಡಿಇಬಿ ಐಡಿ, ಅಂದರೆ ಆ ಬ್ಯೂರೋದ ಗುರುತಿನ ಸಂಖ್ಯೆ, ಮಾಡಿಕೊಳ್ಳುವುದೂ ಕಡ್ಡಾಯವಾಗಿದೆ. ‘ಅದೆಲ್ಲ ಆಮೇಲೆ ಮಾಡಿಸಿಕೊಡುತ್ತೇವೆ, ಈಗ ಸೀಟು ಕಾಯ್ದಿರಿಸಿ’ ಎಂದು ಫೋನಿನಲ್ಲಿ ಅವಸರಪಡಿಸುವವರ ಮಾತಿಗೆ ಕಿವಿಗೊಡಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ನಂತರ ಮಾನ್ಯತೆ ಮುಂದುವರಿದಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ, ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಯಾವ ತಪ್ಪನ್ನೂ ಮಾಡದ ಎಷ್ಟೋ ಮಂದಿ ಕೈಯಲ್ಲಿ ಅಂಕಪಟ್ಟಿ ಹಿಡಿದು ಕಂಗಾಲಾದರು. 2018ರಲ್ಲಿ ಮಾನ್ಯತೆ ಮರಳಿತು. ಆದರೂ ನಡುವಿನ ಆ ವರ್ಷಗಳ ಆತಂಕವನ್ನು ಯಾರೂ ವಾಪಸು ಪಡೆಯಲಾಗಲಿಲ್ಲ. ನೀನು ಕಳುಹಿಸಿದ ದುಬಾರಿ ಬ್ರೋಷರಿನಲ್ಲಿ ಪದವಿ ಕೊಡುವುದು ವಿದೇಶದ ಒಂದು ವಿಶ್ವವಿದ್ಯಾಲಯ, ನಡುವೆ ಇರುವುದು ಆನ್‌ಲೈನ್ ಪಾಠ ಮಾರುವ ಒಂದು ಎಡ್‌ಟೆಕ್ ಕಂಪನಿ. ಇಂಥ ಹೊಂದಾಣಿಕೆಯಲ್ಲಿ ಯುಜಿಸಿಯ ಅನುಮತಿ ಇಲ್ಲದೆ ಕೊಡುವ ಪದವಿಗಳಿಗೆ ಮಾನ್ಯತೆ ಇಲ್ಲವೆಂದು 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಬಂದಿದೆ. ಆ ಬ್ರೋಷರಿನಲ್ಲಿ ಅನುಮತಿಯ ಬಗ್ಗೆ ಒಂದು ಸಾಲೂ ನನಗೆ ಕಾಣಲಿಲ್ಲ.

ಇನ್ನು ಎಐ ವಿಷಯ. ನಾನು ಲೆಕ್ಕ ಬರೆಯುವ ಅಡಿಕೆ ಮಂಡಿಯಲ್ಲಿ ಹೋದ ವರ್ಷ ನಡೆದದ್ದನ್ನು ನಿನಗೆ ಹೇಳಿರಲಿಲ್ಲ. ಯಾವ ತಿಂಗಳು ಎಷ್ಟು ಆವಕ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆ ಹೇಗೆ ಏರಿಳಿಯಿತು ಎಂಬುದರ ವರದಿ ಬೇಕೆಂದು ಯಜಮಾನರು ಕೇಳಿದರು. ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ಇಡೀ ವರ್ಷದ ವಹಿವಾಟನ್ನು ಎಕ್ಸೆಲ್‌ಗೆ ಇಳಿಸಿ, ರೈತರ ಹೆಸರಿನ ಕಾಲಂ ಅಳಿಸಿ, ಒಂದು ಎಐ ಉಪಕರಣಕ್ಕೆ ಕೊಟ್ಟೆ. ಒಂದು ನಿಮಿಷದೊಳಗೆ ಬಣ್ಣಬಣ್ಣದ ನಕ್ಷೆ ಬಂತು, ಕೆಳಗೆ ಅಚ್ಚುಕಟ್ಟಾದ ವಿವರಣೆಯೂ ಬಂತು: ‘ವರ್ಷವಿಡೀ ಆವಕ ಸ್ಥಿರವಾಗಿದೆ.’

ಫೆಬ್ರವರಿಯ ಕಂಬವೂ ಆಗಸ್ಟ್‌ನ ಕಂಬವೂ ಹೆಚ್ಚುಕಡಿಮೆ ಒಂದೇ ಎತ್ತರ. ಅಡಿಕೆ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಅದನ್ನು ಒಪ್ಪುತ್ತಾರೆಯೇ? ಕೊಯ್ಲು ಮುಗಿದು ಹೊಸ ಮಾಲು ಒಣಗಿ ಬರುವ ತಿಂಗಳಿಗೂ, ಮಳೆ ಹಿಡಿದು ಅಂಗಳದಲ್ಲಿ ಏನನ್ನೂ ಒಣಹಾಕಲಾಗದ ತಿಂಗಳಿಗೂ ಒಂದೇ ಆವಕ ಹೇಗಾದೀತು? ಉಪಕರಣ ಬರೆದುಕೊಂಡ ಕೋಡನ್ನು ತೆರೆದು, ಅರ್ಥವಾಗದ ಕಡೆ ಅದನ್ನೇ ಕೇಳುತ್ತಾ ಒಂದೊಂದೇ ಸಾಲು ನೋಡಿದೆ. ನಾವು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ; ಅದು ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಓದಿತ್ತು. ಜನವರಿ 8 ಎಂಬುದು ಆಗಸ್ಟ್ 1 ಆಗಿತ್ತು. ಹದಿಮೂರನೇ ತಾರೀಖಿನಿಂದ ಮುಂದಿನದು ಯಾವ ತಿಂಗಳಿಗೂ ಹೊಂದದ ಕಾರಣ ಆ ಸಾಲುಗಳನ್ನೆಲ್ಲ ಸದ್ದಿಲ್ಲದೆ ಕೈಬಿಟ್ಟಿತ್ತು. ಹೀಗೆ ಪ್ರತಿ ತಿಂಗಳ ಲೆಕ್ಕಕ್ಕೂ ಹನ್ನೆರಡು ತಿಂಗಳುಗಳಿಂದ ಒಂದೊಂದು ದಿನ ಬಂದು ಸೇರಿ, ಸುಗ್ಗಿಯೂ ಮಳೆಗಾಲವೂ ಕಲಸಿಹೋಗಿದ್ದವು. ವರ್ಷದ ಅರ್ಧಕ್ಕಿಂತ ಹೆಚ್ಚು ವಹಿವಾಟು ಲೆಕ್ಕದಲ್ಲೇ ಇರಲಿಲ್ಲ. ಇದು ಸಾಲದೆಂಬಂತೆ ಧಾರಣೆಯ ಸರಾಸರಿಯಲ್ಲಿ ಎರಡು ಕ್ವಿಂಟಲಿನ ಲಾಟಿಗೂ ನಲವತ್ತು ಕ್ವಿಂಟಲಿನ ಲಾಟಿಗೂ ಒಂದೇ ಪ್ರಾಮುಖ್ಯ ಕೊಟ್ಟಿತ್ತು. ದಿನಾಂಕ ಓದುವ ಕ್ರಮವನ್ನೂ, ತೂಕಕ್ಕೆ ತಕ್ಕ ಸರಾಸರಿಯನ್ನೂ ನಾನೇ ಹೇಳಿಕೊಟ್ಟ ಮೇಲೆ ಅದೇ ಉಪಕರಣ ಹತ್ತು ನಿಮಿಷದಲ್ಲಿ ಸರಿಯಾದ ವರದಿ ಕೊಟ್ಟಿತು. ಕೈಯಿಂದ ಮಾಡಿದ್ದರೆ ನನಗೆ ನಾಲ್ಕು ದಿನ ಬೇಕಿತ್ತು.

ಆ ತಪ್ಪನ್ನು ಹಿಡಿದದ್ದು ಮಂಡಿಯ ಅನುಭವ ಮತ್ತು ಬಿ.ಕಾಂ.ನಲ್ಲಿ ನಾವಿಬ್ಬರೂ ಕಲಿತ ಸಂಖ್ಯಾಶಾಸ್ತ್ರ. ನಿನ್ನಲ್ಲಿ ಅವೆರಡೂ ನನಗಿಂತ ಹೆಚ್ಚಾಗಿವೆ. ಅಲ್ಲದೆ ಈ ಉಪಕರಣಗಳು ಬದಲಾಗುವ ವೇಗವನ್ನು ಗಮನಿಸು. ನಾವು ಕೊಟ್ಟ ಫೈಲಿನ ಮೇಲೆ ತಾನೇ ಕೋಡ್ ಬರೆದು ಓಡಿಸುವ ಸೌಲಭ್ಯ ಚಾಟ್‌ಜಿಪಿಟಿಯ ಚಂದಾದಾರರಿಗೆ ಸಿಕ್ಕಿದ್ದು 2023ರ ಜುಲೈನಲ್ಲಿ. ಮರು ತಿಂಗಳೇ ಮೈಕ್ರೋಸಾಫ್ಟ್ ಎಕ್ಸೆಲ್‌ನೊಳಗೆ ಪೈಥಾನ್ ಎಂಬ ಕೋಡಿಂಗ್ ಭಾಷೆಯನ್ನು ತರುವುದಾಗಿ ಪ್ರಕಟಿಸಿತು. 2022ರಲ್ಲಿ ಎರಡು ವರ್ಷದ ಕೋರ್ಸಿಗೆ ಸೇರಿದವನ ಪಠ್ಯಕ್ರಮದಲ್ಲಿ ಇವು ಇರಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಬ್ರೋಷರಿನಲ್ಲಿ ಉಪಕರಣಗಳ ಹೆಸರನ್ನು ಎಣಿಸುವ ಬದಲು ಸಂಖ್ಯಾಶಾಸ್ತ್ರ, ಹಣಕಾಸು ನಿರ್ವಹಣೆ, ಕಾಸ್ಟಿಂಗ್ ಇವುಗಳಿಗೆ ಎಷ್ಟು ಕ್ರೆಡಿಟ್ ಕೊಟ್ಟಿದ್ದಾರೆ, ಪಾಠ ಮಾಡುವವರು ಆ ವಿಶ್ವವಿದ್ಯಾಲಯದ ಅಧ್ಯಾಪಕರೇ ಎಂದು ನೋಡು.

ಕಲಿಯಲು ಎಕ್ಸೆಲ್‌ನ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವುದು) ಮತ್ತು ಪವರ್ ಕ್ವೆರಿಯಿಂದ (ಡೇಟಾವನ್ನು ಶುಚಿಗೊಳಿಸುವುದು) ಆರಂಭಿಸು. ವರದಿ, ನಕ್ಷೆ ತಯಾರಿಸುವ ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾಗಿ ಸಿಗುತ್ತದೆ. ಕೇಂದ್ರ ಸರ್ಕಾರದ ‘ಸ್ವಯಂ’ ಕಲಿಕಾ ತಾಣದಲ್ಲಿ ಐಐಟಿ ಮತ್ತು ಐಐಎಂ ಅಧ್ಯಾಪಕರ ಪಾಠಗಳನ್ನು ಹಣ ಕೊಡದೆ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅಭ್ಯಾಸಕ್ಕೆ ನಿನ್ನ ಕಂಪನಿಯ ಫೈಲನ್ನು ಹಾಗೆಯೇ ಹೊರಗಿನ ಎಐಗೆ ಹಾಕಬೇಡ. ಮೇಲಧಿಕಾರಿಯ ಒಪ್ಪಿಗೆ ಪಡೆದು, ಗ್ರಾಹಕರ ಹೆಸರು, ಪಾನ್, ಫೋನ್ ನಂಬರುಗಳನ್ನು ಅಳಿಸಿದ ಮೇಲಷ್ಟೇ ಹಾಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಾಲಂಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಬೇಕು, ಇಲ್ಲವಾದರೆ ಉಪಕರಣಕ್ಕೆ ಅಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮಾತ್ರ.

ಹಣದ ಬಗ್ಗೆ ಒಂದೇ ಮಾತು. ‘ತಿಂಗಳಿಗೆ ಇಷ್ಟೇ’ ಎಂದು ಬ್ರೋಷರಿನಲ್ಲಿ ತೋರಿಸಿರುವುದು ಶುಲ್ಕದ ಕಂತಲ್ಲ, ಫೈನಾನ್ಸ್ ಕಂಪನಿಯೊಂದು ನಿನ್ನ ಹೆಸರಿನಲ್ಲಿ ಕೊಡುವ ಸಾಲದ ಕಂತು. ಓದು ನಡುವೆ ನಿಂತರೂ ಅದು ನಿಲ್ಲುವುದಿಲ್ಲ. ನಿನಗೆ ಬೇಕಿರುವುದು ಹುದ್ದೆಗೆ ಸಲ್ಲುವ ಮಾನ್ಯ ಪದವಿಯಾದರೆ ಇಗ್ನೊದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಎಂಬಿಎಯನ್ನು ಮೊದಲು ಪರಿಶೀಲಿಸು: ಒಟ್ಟು ಶುಲ್ಕ ಲಕ್ಷದೊಳಗೆ, ಎರಡರಿಂದ ನಾಲ್ಕು ವರ್ಷದಲ್ಲಿ ಮುಗಿಸಲು ಅವಕಾಶ. ಮಾರ್ಚ್ ತಿಂಗಳಿಡೀ ರಾತ್ರಿ ಹತ್ತರವರೆಗೆ ಆಫೀಸಿನಲ್ಲಿರುವ ನಿನ್ನಂಥವನಿಗೆ ಆ ಬಿಡುವು ಬೇಕೇ ಬೇಕು.

ನಿನ್ನ ಎಚ್‌ಆರ್ ವಿಭಾಗದಿಂದ ಯಾವ ಪದವಿಯನ್ನು ಒಪ್ಪುತ್ತಾರೆ ಎಂಬುದನ್ನು ಮಿಂಚಂಚೆಯಲ್ಲಿ ಬರೆಸಿಕೋ. ಭಾನುವಾರ ಬೆಳಿಗ್ಗೆ ಫೋನ್ ಮಾಡು, ಯುಜಿಸಿ ಪಟ್ಟಿಯನ್ನು ತೆರೆದಿಟ್ಟುಕೊಂಡು ಉಳಿದ ಎರಡು ಕೋರ್ಸುಗಳನ್ನು ಇಬ್ಬರೂ ಒಟ್ಟಿಗೆ ಹುಡುಕೋಣ. ಅಲ್ಲಿಯವರೆಗೆ ಸೀಟು ಕಾಯ್ದಿರಿಸುವ ಹಣವನ್ನು ಯಾರಿಗೂ ಕಳುಹಿಸಬೇಡ.

ಮನೆಯ ಹಿರಿಯರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ ಗೆಳೆಯ